ಬಾನಿನಿಂದ ಇಳಿದ ಹಗ್ಗ

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)

ಸೇದುವ ಬಾವಿಗಳಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳ ಪ್ರತಿಯೊಂದು ಕೇರಿಯಲ್ಲಿಯೂ ಯಾರಾದರೊಬ್ಬರ ಮನೆಯಲ್ಲಿ ಪಾತಾಳಗರಡಿ ಎಂಬ ಸಾಧನವಿರುತ್ತಿತ್ತು. ಕಬ್ಬಿಣದ ಬಳೆಗೆ ಹತ್ತಾರು ಕೊಕ್ಕೆಗಳನ್ನು ಸೇರಿಸಿ ಮಾಡಿದ ಅದನ್ನು ಹಗ್ಗಕ್ಕೆ ಕಟ್ಟಿ ಬಾವಿಗಿಳಿಬಿಟ್ಟು, ಜಾರಿಬಿದ್ದ ಕೊಡವನ್ನೋ ಬಿಂದಿಗೆಯನ್ನೋ ತಡಕಿ ಮೇಲೆತ್ತುತ್ತಿದ್ದರು. ಅದು ಮನೆಮನೆಯಲ್ಲಿಯೂ ಇರಬೇಕಾಗಿರಲಿಲ್ಲ, ಕೇರಿಗೊಂದಿದ್ದರೆ ಸಾಕಾಗಿತ್ತು. ಆದರೆ ಅದು ಯಾರ ಮನೆಯಲ್ಲಿದೆ, ಅದನ್ನು ಆಡಿಸಬಲ್ಲ ಕೈ ಯಾರದು ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಬೇಕಾಗಿತ್ತು. ಬಾವಿಗಳು ಬತ್ತಿ ಹೋದವು, ಪಾತಾಳಗರಡಿಯೂ ಮರೆಯಾಯಿತು. ಈಗ ಬೀಳುವುದು ಕೊಡವಲ್ಲ, ಮನುಷ್ಯ. ಬೀಳುವ ಸ್ಥಳವೂ ಬಾವಿಯಲ್ಲ, ಬೆಟ್ಟದ ಕಮರಿ ಅಥವಾ ನೆರೆಯ ನಡುಗಡ್ಡೆ. ಅಲ್ಲಿಂದ ಅವನನ್ನು ಎತ್ತುವ ಹಗ್ಗ ಇಳಿಯುವುದು ಆಕಾಶದಿಂದ. ಆ ಹಗ್ಗವನ್ನು ಇಳಿಸುವ ಹೆಲಿಕಾಪ್ಟರಿನ ಸಲಕರಣೆಗಳು ಯಾವುವು, ಅದರೊಳಗಿರುವವರಲ್ಲಿ ಯಾರ ಕೆಲಸ ಏನು ಎಂಬುದನ್ನು ಈ ಹೊತ್ತು ವಿವರಿಸಬೇಕೆಂದಿದ್ದೇನೆ. ಕನ್ನಡ ಓದಿ ಕನ್ನಡ ಕಲಿಸಿದವನಿಗೆ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಜೀವ ಉಳಿಸುವ ಯಾವ ವಿದ್ಯೆಯೂ ನಮ್ಮ ನುಡಿಗೆ ಹೊರಗಿನದಾಗಬಾರದು ಎಂಬುದೇ ಅದಕ್ಕೆ ನನ್ನ ಉತ್ತರ.

ಮೊದಲು ಒಂದು ನಡೆದ ಸಂಗತಿ. ೨೦೨೨ರ ಫೆಬ್ರುವರಿ ೨೦ರಂದು, ಭಾನುವಾರ, ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ನಂದಿ ಬೆಟ್ಟದ ಬ್ರಹ್ಮಗಿರಿಯ ಬಂಡೆಗಳ ಮೇಲಿಂದ ಸುಮಾರು ಮುನ್ನೂರು ಅಡಿ ಕೆಳಕ್ಕೆ ಜಾರಿ, ಬಂಡೆಯ ಮುಖದ ಒಂದು ಕಡೆ ಸಿಕ್ಕಿಕೊಂಡ. ಮೇಲಕ್ಕೆ ಹತ್ತುವಂತಿಲ್ಲ, ಕೆಳಕ್ಕೆ ಇಳಿಯುವಂತಿಲ್ಲ. ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳು ಯಲಹಂಕದ ವಾಯುಪಡೆಯ ನೆಲೆಯನ್ನು ನೆರವಿಗಾಗಿ ಕೋರಿದರು. ಎಂ.ಐ. ೧೭ ಹೆಲಿಕಾಪ್ಟರ್ ಒಂದು ಕೂಡಲೇ ಹೊರಟಿತು. ಬೆಟ್ಟದ ಮೈಯಲ್ಲಿ ಒಬ್ಬ ಮನುಷ್ಯನನ್ನು ಮೇಲಿನಿಂದ ಕಂಡುಹಿಡಿಯುವುದು ಹುಲ್ಲಿನ ಮೆದೆಯಲ್ಲಿ ಸೂಜಿ ಹುಡುಕಿದಂತೆಯೇ ಸರಿ. ನೆಲದ ಮೇಲಿದ್ದ ಪೊಲೀಸರು ದಾರಿ ತೋರಿದ ಮೇಲೆ, ಬಹಳ ಹುಡುಕಾಟದ ನಂತರ, ಹುಡುಗ ಕಣ್ಣಿಗೆ ಬಿದ್ದ. ಹೆಲಿಕಾಪ್ಟರ್ ಇಳಿಯಲು ಅಲ್ಲಿ ಸಮತಟ್ಟಾದ ಜಾಗವಿರಲಿಲ್ಲ. ಆದ್ದರಿಂದ ಅದರ ಫ್ಲೈಟ್ ಗನ್ನರನನ್ನು ಉಕ್ಕಿನ ಹಗ್ಗದ ಮೂಲಕ ಹುಡುಗನ ಪಕ್ಕಕ್ಕೆ ಇಳಿಸಿ, ಇಬ್ಬರನ್ನೂ ಮೇಲಕ್ಕೆ ಸೆಳೆದುಕೊಂಡರು. ಒಳಗಿದ್ದ ವಾಯುಪಡೆಯ ವೈದ್ಯಕೀಯ ಸಹಾಯಕ ಅವನನ್ನು ಉಪಚರಿಸಿದ. ಯಲಹಂಕದಲ್ಲಿ ಇಳಿಸಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಲಾಯಿತು. ಮರುದಿನದ ಪತ್ರಿಕೆಗಳಲ್ಲಿ ಇದು ನಾಲ್ಕಾರು ವಾಕ್ಯಗಳ ಸುದ್ದಿ. ಆ ವಾಕ್ಯಗಳ ಒಂದೊಂದು ಪದದ ಹಿಂದೆಯೂ ಒಂದೊಂದು ವಿದ್ಯೆ ಅಡಗಿದೆ.

ಹೆಲಿಕಾಪ್ಟರ್ ಎಂಬ ಶಬ್ದದಿಂದಲೇ ತೊಡಗೋಣ. ಇದನ್ನು ‘ಹೆಲಿ’ ಮತ್ತು ‘ಕಾಪ್ಟರ್’ ಎಂದು ಒಡೆಯುವುದು ರೂಢಿ. ಶಬ್ದಶಾಸ್ತ್ರದ ದೃಷ್ಟಿಯಿಂದ ಅದು ತಪ್ಪು ವಿಭಜನೆ. ಗ್ರೀಕಿನ ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ಟೆರಾನ್’ ಎಂದರೆ ರೆಕ್ಕೆ. ಸುರುಳಿಯಾಗಿ ಸುತ್ತುವ ರೆಕ್ಕೆಯುಳ್ಳದ್ದು ಹೆಲಿಕಾಪ್ಟರ್. ೧೮೬೧ರಲ್ಲಿ ಪೋಂತೋಂ ದಾಮೆಕೂರ್ ಎಂಬ ಫ್ರೆಂಚ್ ಗೃಹಸ್ಥ ಈ ಪದವನ್ನು ಟಂಕಿಸಿದಾಗ, ಮನುಷ್ಯನನ್ನು ಹೊತ್ತು ಹಾರುವ ಅಂಥ ಯಂತ್ರವೇ ಲೋಕದಲ್ಲಿರಲಿಲ್ಲ. ವಿಮಾನ ಮುಂದಕ್ಕೆ ಓಡಿದರೆ ಮಾತ್ರ ಅದರ ರೆಕ್ಕೆಗೆ ಗಾಳಿಯ ಆಧಾರ ದೊರೆಯುತ್ತದೆ. ಓಟ ನಿಂತರೆ ಅದು ಬೀಳುತ್ತದೆ. ಹೆಲಿಕಾಪ್ಟರಿನಲ್ಲಿ ಯಂತ್ರದ ಬದಲು ರೆಕ್ಕೆಯೇ ಓಡುತ್ತದೆ. ಆದ್ದರಿಂದ ಅದು ಇದ್ದಲ್ಲಿಯೇ ನಿಲ್ಲಬಲ್ಲದು. ರಕ್ಷಣಾಕಾರ್ಯಕ್ಕೆ ಬೇಕಾದ ಮುಖ್ಯ ಗುಣವೂ ಇದೇ.

ನಿಲ್ಲುವುದು ಸುಲಭವೆಂದು ಭಾವಿಸಬಾರದು. ಹಾರುವುದಕ್ಕಿಂತ ನಿಲ್ಲುವುದಕ್ಕೇ ಹೆಲಿಕಾಪ್ಟರಿಗೆ ಹೆಚ್ಚು ಶಕ್ತಿ ಬೇಕು. ನೆಲಕ್ಕೆ ತೀರ ಸಮೀಪದಲ್ಲಿ ನಿಂತಾಗ ರೆಕ್ಕೆಗಳು ತಳ್ಳಿದ ಗಾಳಿ ನೆಲಕ್ಕೆ ಬಡಿದು ಒಂದು ಬಗೆಯ ಮೆತ್ತೆಯಂತೆ ಆಸರೆ ನೀಡುತ್ತದೆ. ಕಮರಿಯ ಮೇಲೆ ನಿಂತಾಗ ಆ ಮೆತ್ತೆ ಇಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬಿಸಿಲು ಏರಿದಂತೆಯೂ ತೆಳುವಾಗುತ್ತದೆ. ಬೆಳಗಿನ ತಂಪಿನಲ್ಲಿ ನಾಲ್ವರನ್ನು ಎತ್ತಬಲ್ಲ ಯಂತ್ರ ಮಧ್ಯಾಹ್ನದ ಉರಿಯಲ್ಲಿ, ಅದೇ ಎತ್ತರದಲ್ಲಿ, ಇಬ್ಬರನ್ನು ಮಾತ್ರ ಎತ್ತಬಹುದು. ಹೊರಡುವ ಮುನ್ನ ಇಂಧನದ ತೂಕ, ಜನರ ತೂಕ, ಸ್ಥಳದ ಎತ್ತರ, ಹವೆಯ ಉಷ್ಣತೆ ಇವನ್ನೆಲ್ಲ ಲೆಕ್ಕ ಹಾಕುವುದು ಇದಕ್ಕಾಗಿಯೇ. ಇಂಧನ ಕಡಿಮೆ ತುಂಬಿದರೆ ಹೆಚ್ಚು ಜನರನ್ನು ಎತ್ತಬಹುದು, ಆದರೆ ಹುಡುಕುವ ಕಾಲಾವಕಾಶ ಕುಗ್ಗುತ್ತದೆ. ಈ ತಕ್ಕಡಿ ತೂಗಿಯೇ ರಕ್ಷಣೆ ಆರಂಭವಾಗುತ್ತದೆ.

ಇನ್ನು ಹಗ್ಗದ ವಿಷಯ. ಹೆಲಿಕಾಪ್ಟರಿನ ಬಾಗಿಲ ಮೇಲ್ಗಡೆ ಚಾಚಿಕೊಂಡಿರುವ ರಾಟೆಯಂಥ ಯಂತ್ರಕ್ಕೆ ವಿಂಚ್ ಅಥವಾ ಹಾಯ್ಸ್ಟ್ ಎಂದು ಹೆಸರು. ಅದಕ್ಕೆ ಸುತ್ತಿರುವುದು ನಾರಿನ ಹಗ್ಗವಲ್ಲ, ತುಕ್ಕು ಹಿಡಿಯದ ಉಕ್ಕಿನ ಸಣ್ಣ ಎಳೆಗಳನ್ನು ಹೆಣೆದ ತಂತಿ. ಸಾಮಾನ್ಯವಾಗಿ ಅದರ ದಪ್ಪ ಐದು ಮಿಲಿಮೀಟರಿಗಿಂತ ತುಸು ಕಡಿಮೆ. ನಾವು ಬರೆಯುವ ಪೆನ್ಸಿಲಿಗಿಂತಲೂ ತೆಳು. ಬಹಳ ಕಡೆ ಬಳಕೆಯಲ್ಲಿರುವ ವಿಂಚುಗಳು ಸುಮಾರು ೨೭೨ ಕಿಲೋಗ್ರಾಂ ತೂಕವನ್ನು ಎತ್ತುತ್ತವೆ. ತಂತಿಯ ಉದ್ದ ೭೫ರಿಂದ ೯೦ ಮೀಟರು. ಒಳಪದರದ ಎಳೆಗಳನ್ನು ಒಂದು ದಿಕ್ಕಿಗೆ, ಹೊರಪದರದ ಎಳೆಗಳನ್ನು ಅದರ ವಿರುದ್ಧ ದಿಕ್ಕಿಗೆ ಹೊಸೆದಿರುವುದರಿಂದ ಭಾರ ಬಿದ್ದಾಗ ತಂತಿ ತಾನೇ ತಿರುಚಿಕೊಳ್ಳುವುದಿಲ್ಲ. ವಿಂಚನ್ನು ನಡೆಸುವವನು ಕೈಗೆ ದಪ್ಪ ಚರ್ಮದ ಗವಸು ತೊಟ್ಟು, ತಂತಿ ಇಳಿಯುವಾಗಲೂ ಏರುವಾಗಲೂ ಅದನ್ನು ಅಂಗೈಯಿಂದ ಸವರುತ್ತಲೇ ಇರುತ್ತಾನೆ. ಒಂದೇ ಒಂದು ಎಳೆ ಹರಿದಿದ್ದರೂ ಗವಸಿಗೆ ತೊಡರುತ್ತದೆ. ನೂಲುವ ಹೆಂಗಸಿನ ಬೆರಳುಗಳಿಗೆ ನೂಲಿನ ಗಂಟು ತಿಳಿಯುವಂತೆ ಅವನ ಅಂಗೈಗೆ ತಂತಿಯ ಆರೋಗ್ಯ ತಿಳಿಯಬೇಕು.

ಈ ಸಾಧನದ ಚರಿತ್ರೆ ಸುಮಾರು ಎಂಬತ್ತು ವರ್ಷಗಳದು. ೧೯೪೪ರ ಏಪ್ರಿಲಿನಲ್ಲಿ ಬರ್ಮಾದ ಕಾಡಿನೊಳಗೆ ಸಿಕ್ಕಿಕೊಂಡಿದ್ದ ಗಾಯಾಳು ಸೈನಿಕರನ್ನು ಕಾರ್ಟರ್ ಹಾರ್ಮನ್ ಎಂಬ ಅಮೆರಿಕದ ಸೇನಾಧಿಕಾರಿ ಸಿಕೋರ್ಸ್ಕಿ ಹೆಲಿಕಾಪ್ಟರಿನಲ್ಲಿ ಹೊತ್ತು ತಂದದ್ದು ಯುದ್ಧಭೂಮಿಯ ಇಂಥ ರಕ್ಷಣೆಗಳಲ್ಲಿ ಮೊದಲನೆಯದು. ಆದರೆ ಆಗ ಯಂತ್ರವೇ ನೆಲಕ್ಕಿಳಿಯಬೇಕಾಗಿತ್ತು. ೧೯೪೫ರ ನವೆಂಬರ್ ೨೯ರಂದು ಅಮೆರಿಕದ ಕನೆಟಿಕಟ್ ರಾಜ್ಯದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಬಂಡೆಗೇರಿದ ಎಣ್ಣೆಯ ನಾವೆಯೊಂದರಿಂದ ಇಬ್ಬರನ್ನು ವಿಂಚಿನ ಮೂಲಕ ಎತ್ತಿದರು. ಯಂತ್ರ ನಡೆಸಿದವನು ಡಿಮಿಟ್ರಿ ವೈನರ್; ವಿಂಚಿನ ಬಳಿ ಇದ್ದವನು ಜಾಕ್ಸನ್ ಬೀಲ್. ಮೊದಲನೆಯವನು ಸುಸೂತ್ರವಾಗಿ ಒಳಗೆ ಬಂದ. ಎರಡನೆಯವನನ್ನು ಎತ್ತುವಾಗ ವಿಂಚು ಸಿಕ್ಕಿಹಾಕಿಕೊಂಡಿತು. ಅವನು ಹೊರಗೆ ತೂಗಾಡುತ್ತಲೇ ದಡ ಸೇರಿದ. ವಿಂಚಿನ ಚರಿತ್ರೆಯ ಮೊದಲ ದಿನವೇ ಅದರ ಯಶಸ್ಸೂ ಅದರ ಅಪಾಯವೂ ಒಟ್ಟಿಗೆ ಕಾಣಿಸಿಕೊಂಡವು.

ತಂತಿಯ ತುದಿಯಲ್ಲಿರುವ ಕೊಕ್ಕೆಗೆ ಏನನ್ನು ಸಿಕ್ಕಿಸಬೇಕೆಂಬುದು ಸಂಕಟದಲ್ಲಿರುವವನ ಸ್ಥಿತಿಯನ್ನು ಅವಲಂಬಿಸಿದೆ. ಎಚ್ಚರವಿದ್ದು, ಮೂಳೆ ಮುರಿಯದೆ ಇರುವವನಿಗೆ ಕಂಕುಳ ಕೆಳಗಿಂದ ಬೆನ್ನು ಬಳಸಿ ಬರುವ ಮೆತ್ತನೆಯ ಪಟ್ಟಿ ಸಾಕು. ಪಾಶ್ಚಾತ್ಯರು ಅದನ್ನು ಕುದುರೆಯ ಕೊರಳಪಟ್ಟಿಗೆ ಹೋಲಿಸಿದ್ದಾರೆ. ಈ ಪಟ್ಟಿಯಲ್ಲಿರುವವನು ಕೈಗಳನ್ನು ಕೆಳಗೆ ಒತ್ತಿ ಹಿಡಿದಿರಬೇಕು. ಗಾಬರಿಯಿಂದ ಎರಡೂ ಕೈಗಳನ್ನು ಮೇಲೆತ್ತಿದರೆ ಪಟ್ಟಿಯಿಂದ ಜಾರಿಹೋಗುತ್ತಾನೆ. ತಣ್ಣೀರಿನಲ್ಲಿ ಬಹಳ ಹೊತ್ತು ಇದ್ದವನನ್ನು ಲಂಬವಾಗಿ ಎತ್ತಿದರೆ ರಕ್ತವೆಲ್ಲ ಕಾಲಿಗಿಳಿದು ಹೃದಯ ನಿಲ್ಲುವ ಭಯವುಂಟು. ಆಗ ಮಂಡಿಯ ಕೆಳಗೆ ಎರಡನೆಯ ಪಟ್ಟಿ ಹಾಕಿ ಮಲಗಿಸಿದಂತೆ ಎತ್ತುತ್ತಾರೆ. ಬೆನ್ನುಮೂಳೆಗೆ ಪೆಟ್ಟು ಬಿದ್ದವನಿಗೆ ಚೌಕಟ್ಟುಳ್ಳ ಡೋಲಿ ಬೇಕು. ಮಕ್ಕಳಿಗೆ, ವೃದ್ಧರಿಗೆ ಕುಳಿತುಕೊಳ್ಳುವ ಬುಟ್ಟಿಗಳೂ ತೊಡೆಯ ನಡುವೆ ಹಾಯಿಸಿ ಕಟ್ಟುವ ತ್ರಿಕೋನಾಕಾರದ ಬಟ್ಟೆಗಳೂ ಇವೆ.

ಡೋಲಿಯ ಜೊತೆಗೆ ಒಂದು ಉಪದ್ರವವೂ ಬರುತ್ತದೆ. ರೆಕ್ಕೆಗಳು ಕೆಳಕ್ಕೆ ತಳ್ಳುವ ಗಾಳಿಗೆ ಸಿಕ್ಕಿ ಅದು ಬುಗುರಿಯಂತೆ ತಿರುಗಬಹುದು. ಅದನ್ನು ತಡೆಯಲು ಡೋಲಿಗೆ ಒಂದು ತೆಳು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿರುವವನು ಹಿಡಿದು ನಿಲ್ಲುತ್ತಾನೆ. ೨೦೧೯ರ ಜೂನ್ ೪ರಂದು ಅಮೆರಿಕದ ಫೀನಿಕ್ಸ್ ನಗರದ ಬೆಟ್ಟವೊಂದರಲ್ಲಿ ಗಾಯಗೊಂಡ ವೃದ್ಧೆಯೊಬ್ಬರನ್ನು ಅಲ್ಲಿನ ಪೊಲೀಸ್ ಹೆಲಿಕಾಪ್ಟರ್ ಎತ್ತುತ್ತಿದ್ದಾಗ ಈ ಹಗ್ಗ ತುಂಡಾಯಿತು. ಡೋಲಿ ಅತಿವೇಗದಿಂದ ಗಿರಗಿರನೆ ಸುತ್ತತೊಡಗಿತು. ಆ ದೃಶ್ಯವನ್ನು ಜಗತ್ತೆಲ್ಲ ನೋಡಿತು. ಹೆಲಿಕಾಪ್ಟರನ್ನು ಮುಂದಕ್ಕೆ ನಡೆಸಿ, ಗಾಳಿಯ ಹೊಡೆತ ಬೇರೆ ದಿಕ್ಕಿಗೆ ಸರಿಯುವಂತೆ ಮಾಡಿದ ಮೇಲೆ ಸುತ್ತು ನಿಂತಿತು. ಆಕೆ ಬದುಕಿ ಉಳಿದರು. ಮುಂದೆ ನಗರಾಡಳಿತದಿಂದ ಪರಿಹಾರವನ್ನೂ ಪಡೆದರು. ಸಾಧಾರಣವೆಂದು ಕಾಣುವ ಒಂದು ದಾರ ರಕ್ಷಣೆಗೂ ಹಿಂಸೆಗೂ ನಡುವಿನ ಗಡಿಯಾಗಿತ್ತು.

ಇದಕ್ಕಿಂತಲೂ ಕಣ್ಣಿಗೆ ಕಾಣದ ಅಪಾಯವೊಂದುಂಟು. ಗಾಳಿಯಲ್ಲಿ ಸುತ್ತುವ ರೆಕ್ಕೆಗಳ ಘರ್ಷಣೆಯಿಂದ ಹೆಲಿಕಾಪ್ಟರಿನ ಮೈಯಲ್ಲಿ ವಿದ್ಯುತ್ತು ಸಂಗ್ರಹವಾಗುತ್ತದೆ. ಅದು ಸಾವಿರಾರು ವೋಲ್ಟುಗಳಷ್ಟಿರಬಹುದು. ತಂತಿ ಇಳಿದು ಬಂದಾಗ ಅದನ್ನು ಮೊದಲು ಮುಟ್ಟಿದವನ ಮೂಲಕ ಆ ವಿದ್ಯುತ್ತು ನೆಲಕ್ಕೆ ಹರಿಯುತ್ತದೆ. ಆದ್ದರಿಂದ ಕೊಕ್ಕೆ ನೆಲವನ್ನೋ ನೀರನ್ನೋ ಮುಟ್ಟುವವರೆಗೆ ಯಾರೂ ಕೈಚಾಚಬಾರದು. ಆತುರದಲ್ಲಿರುವವನಿಗೆ ಇದು ಕಠಿಣವಾದ ಸಂಯಮ, ಆದರೂ ಅನಿವಾರ್ಯ.

ಈಗ ಯಂತ್ರದೊಳಗಿನ ಜನರತ್ತ ನೋಡೋಣ. ಮುಂದೆ ಇಬ್ಬರು ಪೈಲಟರು. ಮುಖ್ಯ ಪೈಲಟನ ಕೆಲಸ ಯಂತ್ರವನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸುವುದು. ಸಹಪೈಲಟನ ಕಣ್ಣು ಮಾಪಕಗಳ ಮೇಲೆ: ಎಂಜಿನಿನ ಶಕ್ತಿ ಎಷ್ಟು ಉಳಿದಿದೆ, ಇಂಧನ ಎಷ್ಟಿದೆ, ರೆಕ್ಕೆಯ ತುದಿಗೂ ಬಂಡೆಗೂ ಎಷ್ಟು ಅಂತರವಿದೆ. ಎಂ.ಐ. ೧೭ರ ಐದು ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ ೨೧ ಮೀಟರಿಗೂ ಹೆಚ್ಚು. ನಮ್ಮ ಊರ ದೇವಸ್ಥಾನದ ಅಂಗಳವನ್ನೇ ತುಂಬುವಷ್ಟು. ಮುಖ್ಯ ಪೈಲಟನ ವಿಚಿತ್ರವಾದ ಪರಿಸ್ಥಿತಿಯನ್ನು ಗಮನಿಸಬೇಕು. ಯಾರನ್ನು ಎತ್ತುತ್ತಿದ್ದಾನೋ ಅವನು ಪೈಲಟನ ಕಣ್ಣಿಗೆ ಕಾಣುವುದೇ ಇಲ್ಲ, ಏಕೆಂದರೆ ಅವನಿರುವುದು ನೇರ ಹೊಟ್ಟೆಯ ಕೆಳಗೆ.

ಅವನ ಬದಲು ನೋಡುವವನು ವಿಂಚ್ ನಡೆಸುವವನು. ಸೊಂಟಕ್ಕೆ ಭದ್ರತೆಯ ಪಟ್ಟಿ ಕಟ್ಟಿಕೊಂಡು, ತೆರೆದ ಬಾಗಿಲಲ್ಲಿ ಮಂಡಿಯೂರಿ, ದೇಹದ ಅರ್ಧವನ್ನು ಹೊರಗೆ ಚಾಚಿ ಅವನು ಕೆಳಗೆ ನೋಡುತ್ತಾನೆ. ನೋಡಿದ್ದನ್ನೆಲ್ಲ ಎಡೆಬಿಡದೆ ಪೈಲಟನ ಕಿವಿಗೆ ಹೇಳುತ್ತಾನೆ. ‘ಮುಂದಕ್ಕೆ ಹತ್ತು, ಮುಂದಕ್ಕೆ ಐದು, ಬಲಕ್ಕೆ ಎರಡು, ನಿಲ್ಲಿಸಿ, ಮನುಷ್ಯ ಬಾಗಿಲು ದಾಟಿದ, ಅರ್ಧ ದಾರಿಯಲ್ಲಿದ್ದಾನೆ, ನೆಲ ಮುಟ್ಟಿದ’ ಎಂಬ ಧಾಟಿಯಲ್ಲಿ ಮಾತು ಸಾಗುತ್ತದೆ. ಇಲ್ಲಿ ವಿಶೇಷಣಗಳಿಗೆ ಎಡೆಯಿಲ್ಲ, ಅಲಂಕಾರಕ್ಕೆ ಎಡೆಯಿಲ್ಲ. ಮೌನಕ್ಕೂ ಎಡೆಯಿಲ್ಲ. ಮಾತು ನಿಂತರೆ ಪೈಲಟ್ ಕುರುಡನಾಗುತ್ತಾನೆ. ಧೃತರಾಷ್ಟ್ರನ ಪಕ್ಕದಲ್ಲಿ ಸಂಜಯನಿದ್ದಂತೆ ಈತನಿದ್ದಾನೆ ಎನ್ನಬಹುದು. ಸಂಜಯ ವರದಿ ಮಾಡಿದ. ಈತನ ವರದಿಯೇ ಯಂತ್ರವನ್ನು ನಡೆಸುತ್ತದೆ. ಭಾಷೆ ಇಷ್ಟು ನಿಖರವಾಗಿರಬೇಕಾದ ಇನ್ನೊಂದು ಉದ್ಯೋಗ ನನಗೆ ತೋರುತ್ತಿಲ್ಲ.

ಮೂರನೆಯವನು ತಂತಿಯ ತುದಿಯಲ್ಲಿ ಇಳಿಯುವವನು. ನಂದಿಯಲ್ಲಿ ಇಳಿದವನ ಹುದ್ದೆಯ ಹೆಸರು ಫ್ಲೈಟ್ ಗನ್ನರ್. ಗನ್ನರ್ ಎಂದರೆ ತುಪಾಕಿ ನಡೆಸುವವನು. ಹೆಸರನ್ನು ನೋಡಿದರೆ ಅವನ ಧರ್ಮ ಕೊಲ್ಲುವುದು. ಆದರೆ ಅಂದು ಬಂಡೆಯ ಮೇಲಿದ್ದ ಹುಡುಗನ ಬಳಿಗೆ ಅವನು ಇಳಿದದ್ದು ಕೈಯಲ್ಲಿ ಪಟ್ಟಿಯನ್ನು ಹಿಡಿದು. ಅಮೆರಿಕದ ಲಾಸ್ ಏಂಜಲೀಸ್ ಜಿಲ್ಲೆಯ ಷೆರಿಫ್ ಇಲಾಖೆಯಲ್ಲಿ ಈ ಕೆಲಸ ಮಾಡುವವರು ಪೊಲೀಸರೇ. ಅವರು ಪ್ರಮಾಣವಚನ ಸ್ವೀಕರಿಸಿದ ಅಧಿಕಾರಿಗಳು, ಜೊತೆಗೆ ತರಬೇತಿ ಪಡೆದ ವೈದ್ಯಸಹಾಯಕರು, ನೀರಿನಲ್ಲಿ ಮುಳುಗುವ, ಬೆಟ್ಟ ಹತ್ತುವ ವಿದ್ಯೆಗಳನ್ನೂ ಕಲಿತವರು. ಅವರನ್ನು ಹೊತ್ತೊಯ್ಯುವ ದೊಡ್ಡ ಹೆಲಿಕಾಪ್ಟರಿಗೆ ‘ಏರ್ ರೆಸ್ಕ್ಯೂ ೫’ ಎಂದು ಹೆಸರು. ನ್ಯೂಯಾರ್ಕಿನ ಪೊಲೀಸರು ೧೯೪೮ರಲ್ಲಿಯೇ ಹೆಲಿಕಾಪ್ಟರನ್ನು ಸೇವೆಗೆ ತಂದರು. ಕಳ್ಳನನ್ನು ಅಟ್ಟುವ ಯಂತ್ರವೇ ಕಮರಿಗೆ ಬಿದ್ದವನನ್ನೂ ಎತ್ತಬೇಕೆಂಬ ಆಲೋಚನೆ ಅಲ್ಲಿ ಕ್ರಮೇಣ ಬೆಳೆದು ಬಂತು. ಆರಕ್ಷಕ ಎಂಬ ನಮ್ಮ ಪದದಲ್ಲಿ ರಕ್ಷಣೆಯ ಅರ್ಥವೇ ಮುಂದಿದೆ ಎಂಬುದನ್ನು ನಾವು ಮರೆಯಬಾರದು.

ಪೊಲೀಸ್ ಹೆಲಿಕಾಪ್ಟರಿನಿಂದ ರಕ್ಷಣಾಕಾರ್ಯಕ್ಕೆ ಬಂದ ಮುಖ್ಯ ಕಾಣಿಕೆ ಹುಡುಕುವ ಸಲಕರಣೆಗಳು. ಕೋಟ್ಯಂತರ ಮೊಂಬತ್ತಿಗಳ ಪ್ರಭೆಯುಳ್ಳ ಶೋಧದೀಪ; ಮೈಯ ಶಾಖವನ್ನೇ ಬೆಳಕಾಗಿ ತೋರಿಸುವ ಕ್ಯಾಮೆರಾ; ಕತ್ತಲಲ್ಲಿ ಕಾಣಿಸುವ ಕನ್ನಡಕ; ಕೆಳಗಿನವರಿಗೆ ಕೇಳುವಂತೆ ಕೂಗುವ ಧ್ವನಿವರ್ಧಕ. ರಾತ್ರಿಯ ಕಾಡಿನಲ್ಲಿ ದಾರಿ ತಪ್ಪಿದ ಮಗು ಈ ಕ್ಯಾಮೆರಾಕ್ಕೆ ತಣ್ಣನೆಯ ಮರಗಳ ನಡುವೆ ಒಂದು ಬೆಳ್ಳನೆಯ ಚುಕ್ಕೆಯಾಗಿ ಕಾಣುತ್ತದೆ. ಆದರೆ ಹಗಲಿನ ಬಿಸಿಲಿಗೆ ಕಾದ ಬಂಡೆಯ ಮೇಲೆ ಮನುಷ್ಯನ ಶಾಖವೂ ಬಂಡೆಯ ಶಾಖವೂ ಒಂದೇ ಆಗಿಬಿಡಬಹುದು. ದಟ್ಟವಾದ ಎಲೆಗಳ ಕೆಳಗೆ ಕುಳಿತವನು ಅದಕ್ಕೂ ಮರೆ. ಅಂಥಲ್ಲಿ ನೆಲದ ಮೇಲೆ ನಿಂತು ಕೈತೋರುವ ಒಬ್ಬ ಪೇದೆಯೇ ಶ್ರೇಷ್ಠವಾದ ಉಪಕರಣ.

ಹುಡುಕಾಟದ ಪ್ರಸ್ತಾಪ ಬಂದಾಗ ನಮ್ಮ ಸಾಲಗಾಮೆಯ ಹೆಸರು ಹೇಳದಿರಲಾರೆ. ಹಾಸನದಿಂದ ನಮ್ಮೂರಿಗೆ ಬರುವ ಸಾಲಗಾಮೆ ರಸ್ತೆಯಲ್ಲಿ ಬಾನಿಗೆ ಮುಖಮಾಡಿ ನಿಂತ ಬೃಹತ್ ಬೋಗುಣಿಗಳನ್ನು ಎಲ್ಲರೂ ಕಂಡಿದ್ದೇವೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ ಅದು, ೧೯೮೨ರಲ್ಲಿ ಆರಂಭವಾಯಿತು. ಅಲ್ಲಿಂದ ನಿಯಂತ್ರಿಸುವ ಉಪಗ್ರಹಗಳಲ್ಲಿ ೨೦೧೩ರಲ್ಲಿ ಹಾರಿಸಿದ ಇನ್ಸಾಟ್ ೩ಡಿ, ಅನಂತರದ ೩ಡಿಆರ್ ಮತ್ತು ೨೦೨೪ರ ೩ಡಿಎಸ್ ಇವುಗಳು ಹವಾಮಾನದ ಉಪಕರಣಗಳ ಜೊತೆಗೆ ಆಪತ್ಸಂಕೇತವನ್ನು ಹಿಡಿಯುವ ಸಾಧನವನ್ನೂ ಹೊತ್ತೊಯ್ದವು. ಅಪಘಾತಕ್ಕೀಡಾದ ವಿಮಾನವೋ ಹಡಗೋ ೪೦೬ ಮೆಗಾಹರ್ಟ್ಸ್ ತರಂಗದಲ್ಲಿ ಮೊರೆಯಿಟ್ಟರೆ, ಇಂಥ ಉಪಗ್ರಹ ಅದನ್ನು ಕೇಳಿ ಬೆಂಗಳೂರಿನ ಕೇಂದ್ರಕ್ಕೆ ಮುಟ್ಟಿಸುತ್ತದೆ. ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಆಗಿನ ಸೋವಿಯತ್ ಒಕ್ಕೂಟ ಒಂದುಗೂಡಿ ಕಟ್ಟಿದ ಈ ವ್ಯವಸ್ಥೆಗೆ ಕೋಸ್ಪಾಸ್ ಸಾರ್ಸಾಟ್ ಎಂದು ಹೆಸರು. ಇದರ ನೆರವಿನಿಂದ ಮೊದಲ ಬಾರಿಗೆ ಜೀವ ಉಳಿದದ್ದು ೧೯೮೨ರ ಸೆಪ್ಟೆಂಬರಿನಲ್ಲಿ, ಕೆನಡಾದಲ್ಲಿ. ಅಂದು ಬದುಕಿದವರು ಮೂವರು. ಪರಸ್ಪರ ಕ್ಷಿಪಣಿಗಳನ್ನು ಗುರಿಯಿಟ್ಟು ಕುಳಿತಿದ್ದ ರಾಷ್ಟ್ರಗಳು ಮುಳುಗುವವನ ಕೂಗಿಗೆ ಮಾತ್ರ ಒಟ್ಟಿಗೆ ಕಿವಿಗೊಟ್ಟವು. ಆ ಕಿವಿಗಳಲ್ಲಿ ಒಂದನ್ನು ಇಂದು ನಮ್ಮ ರಸ್ತೆಯ ಪಕ್ಕದಲ್ಲಿ ಕಾಪಾಡಲಾಗುತ್ತಿದೆ.

ವಿಷಯದ ಅತ್ಯಂತ ಗಂಭೀರವಾದ ಭಾಗಕ್ಕೆ ಈಗ ಬರುತ್ತೇನೆ. ವಿಂಚಿನ ತಂತಿಯನ್ನು ಕತ್ತರಿಸುವ ಒಂದು ಸಾಧನವೂ ಹೆಲಿಕಾಪ್ಟರಿನಲ್ಲಿರುತ್ತದೆ. ಸಣ್ಣ ಸಿಡಿಮದ್ದಿನ ಬಲದಿಂದ ಒಂದು ಅಲಗು ಕ್ಷಣಾರ್ಧದಲ್ಲಿ ತಂತಿಯನ್ನು ತುಂಡರಿಸುತ್ತದೆ. ಅದರ ಗುಂಡಿ ಪೈಲಟನ ಕೈಗೆ ಎಟಕುವಂತೆಯೂ, ವಿಂಚ್ ನಡೆಸುವವನ ಕೈಗೆ ಎಟಕುವಂತೆಯೂ ಇರುತ್ತದೆ. ತಂತಿ ಮರಕ್ಕೋ ಹಡಗಿನ ಕಂಬಕ್ಕೋ ತೊಡರಿದರೆ ಇಡೀ ಯಂತ್ರವೇ ಉರುಳಿ ಒಳಗಿರುವವರೆಲ್ಲರೂ, ಕೆಳಗಿರುವವರೂ ಸಾಯಬಹುದು. ಅಂಥ ಸಂದರ್ಭಕ್ಕಾಗಿ ಈ ಗುಂಡಿ. ತಂತಿಯ ತುದಿಯಲ್ಲಿ ಮನುಷ್ಯನಿದ್ದಾಗಲೂ ಅದನ್ನು ಒತ್ತಬೇಕಾಗಿ ಬರಬಹುದು. ಇಳಿಯುವವನಿಗೆ ಇದು ಗೊತ್ತು. ಗೊತ್ತಿದ್ದೂ ಅವನು ಕೊಕ್ಕೆಯನ್ನು ತನ್ನ ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡು ಬಾಗಿಲಿನಿಂದ ಹೊರಗೆ ಕಾಲಿಡುತ್ತಾನೆ. ಮೇಲಿರುವ ಗೆಳೆಯ ವಿನಾ ಕಾರಣ ಗುಂಡಿ ಒತ್ತುವುದಿಲ್ಲವೆಂದೂ, ಕಾರಣವಿದ್ದಾಗ ಹಿಂಜರಿಯುವುದಿಲ್ಲವೆಂದೂ ಅವನು ಒಪ್ಪಿಕೊಂಡಿರುತ್ತಾನೆ. ನಂಬಿಕೆ ಎಂಬ ಪದಕ್ಕೆ ನಾನು ತರಗತಿಗಳಲ್ಲಿ ಕೊಟ್ಟ ಯಾವ ವ್ಯಾಖ್ಯಾನವೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಕಂಬವಿದೆ. ಹೊಯ್ಸಳರ ಗರುಡರೆಂಬವರು ಅರಸನ ಅಂಗರಕ್ಷಕರು. ಒಡೆಯ ಸತ್ತರೆ ತಾವೂ ಸಾಯುವ ವ್ರತ ಅವರದು. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಲಕ್ಷ್ಮ ಹಾಗೆಯೇ ಪ್ರಾಣ ನೀಗಿದನೆಂದು ಶಾಸನ ಹೇಳುತ್ತದೆ. ನಮ್ಮ ವಾಯುಪಡೆ ೨೦೦೪ರಲ್ಲಿ ಕಟ್ಟಿದ ವಿಶೇಷ ದಳಕ್ಕೂ ಗರುಡ ಎಂದೇ ಹೆಸರು. ೨೦೨೨ರ ಏಪ್ರಿಲಿನಲ್ಲಿ ಜಾರ್ಖಂಡದ ದೇವಘರದ ಸಮೀಪ ತ್ರಿಕೂಟ ಬೆಟ್ಟದ ತೂಗುತೊಟ್ಟಿಲುಗಳು ಅರ್ಧದಾರಿಯಲ್ಲಿ ನಿಂತುಹೋದಾಗ, ಈ ಗರುಡರು ತಂತಿಯಲ್ಲಿ ಇಳಿದು ಒಂದೊಂದೇ ತೊಟ್ಟಿಲಿನೊಳಗೆ ನುಸುಳಿ ಪ್ರಯಾಣಿಕರನ್ನು ಎತ್ತಿಸಿದರು. ಬಹುಪಾಲು ಜನ ಉಳಿದರು. ಆದರೆ ಎತ್ತುವ ಪ್ರಯತ್ನದಲ್ಲಿಯೇ ಇಬ್ಬರು ಕೆಳಗೆ ಬಿದ್ದು ಸತ್ತರು. ಹಳೆಯ ಗರುಡ ತನ್ನ ದೊರೆಗಾಗಿ ಜೀವ ಕೊಟ್ಟ. ಹೊಸ ಗರುಡ ತನಗೆ ಹೆಸರೂ ಗೊತ್ತಿಲ್ಲದವನಿಗಾಗಿ ಜೀವವನ್ನು ಪಣಕ್ಕೊಡ್ಡುತ್ತಾನೆ. ನಾಡಿನ ಮೌಲ್ಯ ಯಾವ ದಿಕ್ಕಿಗೆ ಚಲಿಸಿದೆ ಎಂಬುದಕ್ಕೆ ಇದು ಸಾಕ್ಷಿ.

ರಕ್ಷಕರ ಸಾವೂ ಕಲ್ಪನೆಯ ಮಾತಲ್ಲ. ೨೦೧೩ರ ಜೂನ್ ೨೫ರಂದು, ಉತ್ತರಾಖಂಡದ ಪ್ರಳಯದಲ್ಲಿ ರಕ್ಷಣಾಕಾರ್ಯಕ್ಕೆ ತೊಡಗಿದ್ದ ಎಂ.ಐ. ೧೭ ಹೆಲಿಕಾಪ್ಟರ್ ಗೌರೀಕುಂಡದ ಬಳಿ ಬಿದ್ದು, ಅದರಲ್ಲಿದ್ದ ಇಪ್ಪತ್ತು ಮಂದಿ ಸತ್ತರು. ಮಂಜು ಮುಸುಕಿದ ಕಣಿವೆಯಲ್ಲಿ ಹೆಲಿಕಾಪ್ಟರ್ ಸರ್ವಶಕ್ತವಲ್ಲ. ೨೦೨೨ರ ಫೆಬ್ರುವರಿಯಲ್ಲಿ ಕೇರಳದ ಮಲಂಪುಳದ ಬೆಟ್ಟದ ಸೀಳಿನಲ್ಲಿ ಸಿಕ್ಕಿದ ಯುವಕನನ್ನು ಹೆಲಿಕಾಪ್ಟರ್ ಸಮೀಪಿಸಲಾಗದೆ ಮರಳಿತು. ಕೊನೆಗೆ ಅವನ ಬಳಿಗೆ ತಲುಪಿದವರು ಹಗ್ಗ ಹಿಡಿದು ಬೆಟ್ಟದಿಂದ ಇಳಿದ ಸೈನಿಕರು. ಹೋಗಬಾರದೆಂದು ತೀರ್ಮಾನಿಸುವುದೂ ಪೈಲಟನ ವಿದ್ಯೆಯ ಭಾಗವೇ. ಕೆಳಗೆ ನಿಂತು ಕಾಯುವವರ ಕಣ್ಣಿಗೆ ಅದು ಹೇಡಿತನವಾಗಿ ಕಂಡೀತು, ಹಾಗೆ ಕಾಣಬಾರದು.

ಹೋದಾಗ ಆಗುವ ಉಪಕಾರವಾದರೋ ಅಪಾರ. ೨೦೧೮ರ ಆಗಸ್ಟಿನ ಕೇರಳದ ನೆರೆಯಲ್ಲಿ ತುಂಬು ಗರ್ಭಿಣಿಯೊಬ್ಬಳನ್ನು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. ಅದೇ ದಿನ ಆಕೆ ಕೊಚ್ಚಿಯ ನೌಕಾ ಆಸ್ಪತ್ರೆಯಲ್ಲಿ ಗಂಡುಮಗುವನ್ನು ಹೆತ್ತಳು. ೨೦೧೯ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹಂಪಿಯ ಎದುರಿನ ವಿರುಪಾಪುರ ಗಡ್ಡೆಯಲ್ಲಿ ದೇಶವಿದೇಶಗಳ ಪ್ರವಾಸಿಗರು ಸಿಕ್ಕಿಕೊಂಡಾಗ ಹೆಲಿಕಾಪ್ಟರುಗಳು ಬಂದವು. ರಕ್ಷಣೆಗೆಂದು ಹೋದ ದೋಣಿಯೇ ಮಗುಚಿದಾಗ, ಪ್ರವಾಹದ ಪಾಲಾಗಿದ್ದ ರಕ್ಷಕರನ್ನೂ ಹೆಲಿಕಾಪ್ಟರ್ ಎತ್ತಿ ತಂದಿತು.

ಹಾಗಾದರೆ ನಮ್ಮ ಪೊಲೀಸರಿಗೇ ಇಂಥದೊಂದು ಹೆಲಿಕಾಪ್ಟರ್ ಇರಬೇಡವೆ ಎಂಬ ಪ್ರಶ್ನೆ ಸಹಜ. ಯಂತ್ರಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಚೇತಕ್, ಚೀತಾ ಹೆಲಿಕಾಪ್ಟರುಗಳು ತಯಾರಾದದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ, ಅಲ್ಲಿಯೇ ರೂಪುಗೊಂಡ ಧ್ರುವ ೧೯೯೨ರ ಆಗಸ್ಟ್ ೨೦ರಂದು ಮೊದಲು ಹಾರಿತು. ನಮ್ಮ ನೆರೆಯ ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ ೨೦೨೩ರ ಫೆಬ್ರುವರಿ ೬ರಂದು ಹೊಸ ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾಗಿದೆ. ಕಷ್ಟವಿರುವುದು ಕೊಳ್ಳುವುದರಲ್ಲಲ್ಲ, ಸಿದ್ಧವಾಗಿಡುವುದರಲ್ಲಿ. ವಿಂಚ್ ನಡೆಸುವವನೂ ಇಳಿಯುವವನೂ ಪೈಲಟನೂ ಜೊತೆಯಾಗಿ ಪದೇ ಪದೇ ಅಭ್ಯಾಸ ಮಾಡದಿದ್ದರೆ ಯಂತ್ರ ಕೇವಲ ದುಬಾರಿಯಾದ ಅಲಂಕಾರ. ಅಂಥ ಅಭ್ಯಾಸಕ್ಕೆ ದುಡ್ಡು ಕೊಡಲು ಮನಸ್ಸಿದ್ದರೆ ಮಾತ್ರ ಕೊಳ್ಳಬೇಕು. ಇಲ್ಲದಿದ್ದರೆ ಅಭ್ಯಾಸವಿರುವ ವಾಯುಪಡೆಯನ್ನು ಬೇಗ ಕರೆಯುವ ವಿಧಾನವನ್ನಾದರೂ ಚುರುಕುಗೊಳಿಸಬೇಕು. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲೆಯಲ್ಲಿ ಆ ಹೊಣೆ ಜಿಲ್ಲಾಧಿಕಾರಿಗಳದು. ಪಾತಾಳಗರಡಿ ಕೇರಿಗೊಂದಿದ್ದರೆ ಸಾಕು ಎಂದೆ. ಆದರೆ ಅದನ್ನು ಕೇಳಲು ಹೋದವನು ಹೊಸಿಲಲ್ಲಿ ಕಾಯುವಂತಾಗಬಾರದು. ಬಿಸಿಲೆಯ ಕಣಿವೆ, ಸಕಲೇಶಪುರದ ಬೆಟ್ಟಗಳು, ಮಳೆಗಾಲದ ಹೇಮಾವತಿ ಇವೆಲ್ಲ ಇರುವ ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ರಜೆ ಬಂತೆಂದರೆ ಚಾರಣದ ಹುಮ್ಮಸ್ಸಿನಲ್ಲಿ ಈ ಬೆಟ್ಟಗಳನ್ನು ಏರುವವರು ನಮ್ಮ ನಿಮ್ಮ ಮನೆಯ ಮಕ್ಕಳೇ.

ಸಾಮಾನ್ಯರಾದ ನಾವು ತಿಳಿದಿರಬೇಕಾದದ್ದೂ ಸ್ವಲ್ಪ ಇದೆ. ಅಪಘಾತ ಕಂಡ ಕೂಡಲೇ ೧೧೨ಕ್ಕೆ ಕರೆಮಾಡಿ, ಸ್ಥಳದ ಗುರುತನ್ನು ಹೇಳಬೇಕು. ಹೆಲಿಕಾಪ್ಟರ್ ಬರುವ ಮುನ್ನ ಸಡಿಲವಾದ ತಗಡು, ಟಾರ್ಪಾಲು, ಬಟ್ಟೆಗಳನ್ನು ತೆಗೆದಿಡಬೇಕು. ರೆಕ್ಕೆಯ ಗಾಳಿಗೆ ಅವು ಮೇಲೆದ್ದರೆ ಯಂತ್ರಕ್ಕೇ ಕೇಡು. ಎರಡೂ ಕೈಗಳನ್ನು ಓರೆಯಾಗಿ ಮೇಲೆತ್ತಿ ನಿಂತರೆ ‘ಸಹಾಯ ಬೇಕು’ ಎಂದರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಚಾಚಿದರೆ ‘ಬೇಡ’ ಎಂದರ್ಥ. ಸುಮ್ಮನೆ ಉತ್ಸಾಹದಿಂದ ಕೈಬೀಸುವ ಗುಂಪು ನಿಜವಾದ ಮೊರೆಯನ್ನು ಮರೆಮಾಡುತ್ತದೆ. ಕೊಕ್ಕೆ ನೆಲ ಮುಟ್ಟುವ ತನಕ ಕಾಯಬೇಕು. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು: ಇಳಿದು ಬಂದ ಕೊಕ್ಕೆಯನ್ನು ಮರಕ್ಕಾಗಲಿ, ಮನೆಯ ಜಂತಿಗಾಗಲಿ, ದೋಣಿಗಾಗಲಿ ಎಂದೂ ಕಟ್ಟಬಾರದು. ಕಟ್ಟಿದರೆ ಹೆಲಿಕಾಪ್ಟರನ್ನು ಭೂಮಿಗೆ ಕಟ್ಟಿಹಾಕಿದಂತೆ. ಆ ಕ್ಷಣದಲ್ಲಿ ಮೇಲಿರುವವನ ಬೆರಳು ಗುಂಡಿಯ ಕಡೆಗೆ ಹೋಗಲೇಬೇಕಾಗುತ್ತದೆ.

ಕೇರಳದ ನೆರೆ ಇಳಿದ ಮ‌ೇಲೆ, ಹೆಲಿಕಾಪ್ಟರ್ ಜನರನ್ನು ಎತ್ತಿದ್ದ ಒಂದು ಮನೆಯ ತಾರಸಿಯ ಮೇಲೆ ಯಾರೋ ದೊಡ್ಡ ಅಕ್ಷರಗಳಲ್ಲಿ ಕೃತಜ್ಞತೆಯ ಒಂದೇ ಪದವನ್ನು ಬಣ್ಣದಿಂದ ಬರೆದಿದ್ದರು. ಅದನ್ನು ಓದಬೇಕಾದವರು ಇದ್ದದ್ದು ಆಕಾಶದಲ್ಲಿ. ಆದ್ದರಿಂದ ಬರಹವೂ ಆಕಾಶಕ್ಕೆ ಮುಖಮಾಡಿತ್ತು. ಹಗ್ಗ ಇಳಿಸಿದವನ ಮುಖವನ್ನು ಎತ್ತಲ್ಪಟ್ಟವನು ಸರಿಯಾಗಿ ನೋಡಿರುವುದೂ ಅಪರೂಪ.